ನೀವು ನೋಡಿದ ಆ ಹಳೇ ಪೋಸ್ಟಾಫೀಸು

ಕಾಸರಗೋಡಿನಿಂದ ವಾಪಸು ಹೋಗುವಾಗ ನೀವು ನೋಡಿದ್ದು ನಮ್ಮ ಪೇಟೆಯ ಪೋಸ್ಟಾಫೀಸೇ. ಮುರಕಲ್ಲಿನ ಗೋಡೆ, ಹಂಚಿನ ಮಾಡು, ಎದುರಿಗೆ ಉದ್ದ ಜಗಲಿ. ಕಲ್ಲು ಇಲ್ಲಿನ ಗುಡ್ಡದ್ದೇ. ಹಂಚು ಮಂಗಳೂರು ಕಡೆಯದು. 1865ರಲ್ಲಿ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಮಿಶನರಿ ಸಂಸ್ಥೆಯವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಕರಾವಳಿಯಲ್ಲಿ ಹುಲ್ಲಿನ ಮಾಡುಗಳು ಹೋಗಿ ಹಂಚು ಬಂತು. ನಮ್ಮ ಮಳೆಗಾಲದಲ್ಲಿ ಕಾಗದ ಒದ್ದೆಯಾಗದೆ ಉಳಿಯಬೇಕಲ್ವಾ?

ಕೇರಳದ ಪೋಸ್ಟಾಫೀಸಿನಲ್ಲಿ ಇಷ್ಟೊಂದು ಕನ್ನಡ ಹೇಗೆ ಅಂತ ಕೇಳಿದಿರಿ. 1956ರ ನವೆಂಬರ್ 1ರ ತನಕ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಜಿಲ್ಲೆಯ ಕೆಲಸಕ್ಕೆಲ್ಲ ಮಂಗಳೂರೇ. ಕೇರಳಕ್ಕೆ ಸೇರಿದ ಮೇಲೆ ಜಿಲ್ಲಾ ಕೇಂದ್ರ ಕಣ್ಣೂರಾಯಿತು. ಚಂದ್ರಗಿರಿ ಹೊಳೆಯ ಬಡಗು (ಉತ್ತರ) ಭಾಗ ಮೈಸೂರಿಗೆ, ಅಂದರೆ ಈಗಿನ ಕರ್ನಾಟಕಕ್ಕೆ, ಸೇರಬೇಕು ಅಂತ 1967ರಲ್ಲಿ ರಾಜ್ಯಗಳ ಗಡಿ ತಕರಾರು ನೋಡಲು ಕೇಂದ್ರ ಸರಕಾರ ನೇಮಿಸಿದ್ದ ಮಹಾಜನ್ ಆಯೋಗ ಹೇಳಿತು. ಜಾರಿಯಾಗಲಿಲ್ಲ. ಕಾಸರಗೋಡೇ ಜಿಲ್ಲೆಯಾದದ್ದು 1984ರಲ್ಲಿ.

ನಾನು ಚಿಕ್ಕವನಿದ್ದಾಗಿನ ಪೋಸ್ಟ್‌ಮ್ಯಾನ್ ತುಳು, ಕನ್ನಡ, ಮಲಯಾಳ ಮೂರೂ ಆಡುತ್ತಿದ್ದರು. ಗಲ್ಫಿನಿಂದ ಮಗ ಬರೆದ ಮಲಯಾಳ ಕಾಗದವನ್ನು ಜಗಲಿಯಲ್ಲಿ ಕೂತು ತಾಯಿಗೆ ಓದಿ ಹೇಳುತ್ತಿದ್ದರು. ಅದೇ ಚೀಲದಲ್ಲಿ ಕನ್ನಡದ ವಾರಪತ್ರಿಕೆ, ಯಕ್ಷಗಾನದ ಆಮಂತ್ರಣ. ಮದುವೆ ಸೀಸನ್ನಿನಲ್ಲಿ ಮೂಲೆಗೆ ಅರಶಿನ ಹಚ್ಚಿದ ಕಾಗದಗಳು ಕಟ್ಟುಕಟ್ಟಾಗಿ ಬರುತ್ತಿದ್ದವು. ಅವರ ಖಾಕಿ ಅಂಗಿಯ ಕಿಸೆಯೂ ಹಳದಿ.

ಈಗ ದೂರದ ಜಿಲ್ಲೆಗಳಿಂದ ವರ್ಗವಾಗಿ ಬರುವ ಕೆಲವರಿಗೆ ಕನ್ನಡ ಓದಲು ಬರುವುದಿಲ್ಲ. ಅದು ಅವರ ತಪ್ಪಲ್ಲ. ಆದರೆ ಕನ್ನಡ ಮಾತ್ರ ಗೊತ್ತಿರುವ ಅಜ್ಜಿ ಉಳಿತಾಯ ಖಾತೆಯ ಫಾರಂ ಹಿಡಿದುಕೊಂಡು, ತುಂಬಿಸಿಕೊಡಲು ಯಾರಾದರೂ ಸಿಗುತ್ತಾರಾ ಅಂತ ಜಗಲಿಯಲ್ಲಿ ಕಾಯುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಕಟ್ಟಡಕ್ಕೆ ಸುಣ್ಣ ಬಳಿದರೆ ಸಾಲದು, ಕೌಂಟರಿನಲ್ಲಿ ಕನ್ನಡ ಬಲ್ಲವರು ಒಬ್ಬರಾದರೂ ಬೇಕೇ ಬೇಕು.

ಪುಸ್ತಕ ಕಳಿಸುತ್ತೇನೆ ಅಂದಿರಲ್ಲ, ವಿಳಾಸ ಕನ್ನಡದಲ್ಲೇ ಬರೆಯಿರಿ. ಆದರೆ ಊರಿನ ಕೆಳಗೆ ಕೇರಳ ಅಂತ ಹಾಕಿ, 671ರಿಂದ ಶುರುವಾಗುವ ನಮ್ಮ ಪಿನ್ ಕೋಡ್ ಮರೀಬೇಡಿ. ಬೆಂಗಳೂರಿನ ಗೆಳೆಯರು ಅಭ್ಯಾಸಬಲದಿಂದ ದಕ್ಷಿಣ ಕನ್ನಡ ಅಂತ ಬರೆದುಬಿಡುತ್ತಾರೆ. ಅಲ್ಲಿನ ಪಿನ್ 574, 575ರಿಂದ ಶುರು. ಕಟ್ಟು ಸುಮ್ನೆ ಮಂಗಳೂರು ಸುತ್ತಿಕೊಂಡು ಬರುತ್ತದೆ.