ಹದಿನಾಲ್ಕು ವರ್ಷ ರಜೆ ಹಾಕದ ಆಟಗಾರ: ಲೂ ಗೆರಿಗ್ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನಮ್ಮ ಚಿಕ್ಕಪ್ಪನಿಗೆ ಎಎಲ್‌ಎಸ್ ಅನ್ನುವ ನರರೋಗ ಇದೆ ಎಂದು ಡಾಕ್ಟರ್ ಹೇಳಿದರು. ಅಮೆರಿಕದಲ್ಲಿ ಅದಕ್ಕೆ 'ಲೂ ಗೆರಿಗ್ ಕಾಯಿಲೆ' ಅಂತಾರಂತೆ. ಕಂಡುಹಿಡಿದ ಡಾಕ್ಟರ್ ಇರಬೇಕು ಅಂದುಕೊಂಡೆ. ನೋಡಿದರೆ ಬೇಸ್‌ಬಾಲ್‌ನ 'ಫಸ್ಟ್ ಬೇಸ್‌ಮನ್' ಅಂತೆ! ಯಾರು ಈತ? ಫಸ್ಟ್ ಬೇಸ್‌ಮನ್ ಅಂದರೆ ಏನು ಕೆಲಸ? (ಶಿವಮೊಗ್ಗದ ಓದುಗರು)

ಉತ್ತರ: ಚಿಕ್ಕಪ್ಪನ ವಿಷಯ ಓದಿ ಬೇಸರವಾಯಿತು. ಚಿಕಿತ್ಸೆಯ ಮಾತನ್ನು ನರರೋಗ ತಜ್ಞರಿಗೇ ಬಿಡುತ್ತೇನೆ. ನನಗೆ ಗೊತ್ತಿರುವುದು ಆಟ. ನಿಮ್ಮ ಊಹೆ ಪೂರ್ತಿ ತಪ್ಪೇನಲ್ಲ. ಈ ಕಾಯಿಲೆಯನ್ನು 19ನೇ ಶತಮಾನದಲ್ಲಿ ವಿವರಿಸಿದ್ದು ಫ್ರಾನ್ಸಿನ ಡಾಕ್ಟರ್ ಶಾರ್ಕೋ. ಅಲ್ಲಿ ಈಗಲೂ ಅವರ ಹೆಸರೇ ನಡೆಯುತ್ತದೆ. ಅಮೆರಿಕದಲ್ಲಿ ಮಾತ್ರ ಡಾಕ್ಟರ ಹೆಸರು ಹಿಂದೆ ಸರಿದು ರೋಗಿಯ ಹೆಸರು ನಿಂತುಬಿಟ್ಟಿತು.

ಮೊದಲು ಕೆಲಸದ ವಿಷಯ. ಕ್ರಿಕೆಟ್‌ನಲ್ಲಿ ಕವರ್ ಫೀಲ್ಡರ್ ಚೆಂಡು ಎತ್ತಿ ಎಸೆಯುತ್ತಾನೆ, ಸ್ಟಂಪ್ ಹತ್ತಿರ ಕೀಪರ್ ಅದನ್ನು ಹಿಡಿದು ರನ್‌ಔಟ್ ಮಾಡುತ್ತಾನೆ, ಅಲ್ವಾ? ಬೇಸ್‌ಬಾಲ್‌ನಲ್ಲಿ ಇದು ಅಪರೂಪವಲ್ಲ, ದಿನದ ಅನ್ನ. ಬ್ಯಾಟ್ಸ್‌ಮನ್ ಚೆಂಡನ್ನು ನೆಲಕ್ಕೆ ಹೊಡೆದರೆ 90 ಅಡಿ ದೂರದ ಫಸ್ಟ್ ಬೇಸ್‌ಗೆ, ಅಂದರೆ ಅವನು ಮುಟ್ಟಬೇಕಾದ ನಾಲ್ಕು ಗುರುತುಗಳಲ್ಲಿ ಮೊದಲನೆಯದಕ್ಕೆ, ಓಡಲೇಬೇಕು. 'ಬೇಡ, ನಿಲ್ಲು' ಅಂತ ಕೂಗಿ ವಾಪಸ್ ಕಳಿಸುವ ಹಾಗಿಲ್ಲ. ಅವನು ತಲುಪುವ ಮೊದಲು ಚೆಂಡು ಅಲ್ಲಿರುವವನ ಕೈ ಸೇರಬೇಕು, ಆ ಕ್ಷಣ ಅವನ ಕಾಲು ಬೇಸಿಗೆ ತಾಗಿರಬೇಕು. ಆಗ ಔಟ್. ಬೇಲ್ಸ್ ಬೀಳಿಸುವ ಕೆಲಸ ಇಲ್ಲ. ಅಲ್ಲಿ ನಿಂತವನೇ ಫಸ್ಟ್ ಬೇಸ್‌ಮನ್. ಒಂದು ಆಟದ 27 ಔಟ್‌ಗಳಲ್ಲಿ ಎಂಟು-ಹತ್ತು ಅವನ ಕೈಯಲ್ಲೇ ಮುಗಿಯುತ್ತವೆ.

ಹಾರಿ ಹಿಡಿಯುವ ಫೀಲ್ಡರ್‌ಗೆ ಚಪ್ಪಾಳೆ ಬೀಳುತ್ತದೆ. ಅವನು ಗಾಬರಿಯಲ್ಲಿ ಅಡ್ಡಾದಿಡ್ಡಿ ಎಸೆದ ಚೆಂಡನ್ನು ಮಣ್ಣಿನಿಂದ ಬಾಚಿಕೊಳ್ಳುವವನಿಗೆ ಜಾಸ್ತಿ ಏನೂ ಸಿಗುವುದಿಲ್ಲ. ಬಿಟ್ಟರೆ ಮಾತ್ರ ಬೈಗುಳ. ಓಟ ಕಡಿಮೆ ಇರುವ ಜಾಗ ಅಂತ ದಪ್ಪನೆಯ, ಜೋರಾಗಿ ಬ್ಯಾಟ್ ಬೀಸುವವರನ್ನು ತಂಡಗಳು ಇಲ್ಲಿ ನಿಲ್ಲಿಸುತ್ತವೆ. ಹಾಗಾಗಿ ಈ ಜಾಗ ಸುಲಭ ಅನ್ನುವ ಹೆಸರು ಬಂದಿದೆ. ನಾನು ಒಪ್ಪುವುದಿಲ್ಲ.

ಈಗ ಗೆರಿಗ್. ಹುಟ್ಟಿದ್ದು 1903ರಲ್ಲಿ, ನ್ಯೂಯಾರ್ಕ್ ನಗರದಲ್ಲಿ. ಜರ್ಮನಿಯಿಂದ ಬಂದ ಬಡ ದಂಪತಿಯ ನಾಲ್ಕು ಮಕ್ಕಳಲ್ಲಿ ಬದುಕಿ ಉಳಿದ ಒಬ್ಬನೇ ಮಗ. ತಾಯಿ ಅಡುಗೆ, ಬಟ್ಟೆ ಒಗೆಯುವ ಕೆಲಸ ಮಾಡಿ ಮನೆ ನಡೆಸಿದವರು. ಮಗ ಎಂಜಿನಿಯರ್ ಆಗಲಿ ಅನ್ನುವುದು ಅವರ ಆಸೆ. (ಇದು ನಮಗೆ ಚೆನ್ನಾಗಿ ಗೊತ್ತಿರುವ ಕಥೆ.) ಹುಡುಗ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದ. ಆಗ ಅವನು ಬೌಲರ್ ಕೂಡ, ಅಂದರೆ ಪಿಚರ್. 1923ರ ಏಪ್ರಿಲ್ 18ರಂದು ಊರಿಗೆ ಊರೇ ಹೊಸ ಯಾಂಕೀ ಸ್ಟೇಡಿಯಂ ಉದ್ಘಾಟನೆಗೆ ಹೋಗಿತ್ತು. ಅದೇ ದಿನ ಗೆರಿಗ್ ಕಾಲೇಜು ಪಂದ್ಯದಲ್ಲಿ 17 ಜನರನ್ನು ಸ್ಟ್ರೈಕ್‌ಔಟ್ ಮಾಡಿದ, ಅಂದರೆ ತನ್ನ ಎಸೆತದಿಂದಲೇ ಔಟ್ ಮಾಡಿದ. ಆದರೂ ತಂಡ ಸೋತಿತು! ಅವನ ಬ್ಯಾಟಿಂಗ್ ಮೇಲೆ ಕಣ್ಣಿಟ್ಟಿದ್ದ ನ್ಯೂಯಾರ್ಕಿನ ಯಾಂಕೀಸ್ ತಂಡಕ್ಕೆ ಆಟಗಾರರನ್ನು ಹುಡುಕುತ್ತಿದ್ದ ಪಾಲ್ ಕ್ರಿಚೆಲ್ ಅದೇ ವರ್ಷ 1,500 ಡಾಲರ್ ಬೋನಸ್ ಕೊಟ್ಟು ಸಹಿ ಹಾಕಿಸಿಕೊಂಡರು. ಮನೆಯಲ್ಲಿ ಕಾಯಿಲೆ, ಕೈಯಲ್ಲಿ ಕಾಸಿಲ್ಲ. ಎಂಜಿನಿಯರಿಂಗ್ ಅಲ್ಲಿಗೇ ನಿಂತಿತು.

ಮುಂದಿನದು ಅಂಕಿಗಳ ಕಥೆ, ಬೇಗ ಹೇಳಿಬಿಡುತ್ತೇನೆ. 493 ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ಇದ್ದ ಹಾಗೆ). ಅವನ ಹೊಡೆತಗಳಿಂದ ತಂಡಕ್ಕೆ ಬಂದ ರನ್ ಎರಡು ಸಾವಿರಕ್ಕೆ ಸ್ವಲ್ಪ ಕಡಿಮೆ. ಬ್ಯಾಟಿಂಗ್ ಸರಾಸರಿ .340, ಅಂದರೆ ಲೆಕ್ಕಕ್ಕೆ ಬರುವ ನೂರು ಸರದಿಯಲ್ಲಿ 34 ಹಿಟ್ (ಹೊಡೆದು ಬೇಸ್ ತಲುಪುವುದು). ಈ ಆಟದಲ್ಲಿ 30 ಬಂದರೇ ಶಹಬ್ಬಾಸ್ ಅನ್ನುತ್ತಾರೆ. ಆರು ಸಲ ವರ್ಲ್ಡ್ ಸೀರೀಸ್, ಅಂದರೆ ಆ ವರ್ಷದ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಸರಣಿ, ಗೆದ್ದ ತಂಡದಲ್ಲಿದ್ದ.

ಆದರೆ ಪೇಪರಿನ ದೊಡ್ಡ ಅಕ್ಷರ ಯಾವಾಗಲೂ ಬೇರೆಯವರಿಗೆ. 1927ರಲ್ಲಿ ಗೆರಿಗ್ 47 ಹೋಮ್ ರನ್ ಹೊಡೆದ. ಅದೇ ತಂಡದ ಬೇಬ್ ರೂತ್ ಆ ವರ್ಷ 60 ಹೊಡೆದುಬಿಟ್ಟರು. 1932ರ ಜೂನ್ 3ರಂದು ಒಂದೇ ಆಟದಲ್ಲಿ ನಾಲ್ಕು ಹೋಮ್ ರನ್ ಹೊಡೆದ. ಅವತ್ತೇ ನ್ಯೂಯಾರ್ಕ್ ಜೈಂಟ್ಸ್ ತಂಡದ ಮ್ಯಾನೇಜರ್ (ತಂಡವನ್ನು ಆಡಿಸುವವರು), ಹಳೇ ಹುಲಿ ಜಾನ್ ಮೆಕ್‌ಗ್ರಾ ನಿವೃತ್ತಿ ಘೋಷಿಸಿದರು. ಮುಖಪುಟ ಅವರ ಪಾಲಾಯಿತು. ರೂತ್ ಬ್ಯಾಟ್ ಬೀಸುತ್ತಿದ್ದುದು ಮೂರನೆಯವರಾಗಿ, ಬೆನ್ನ ಮೇಲೆ 3. ಅವರ ಹಿಂದೆ ಬರುತ್ತಿದ್ದ ಗೆರಿಗ್ ಬೆನ್ನ ಮೇಲೆ 4. ಆ ಎರಡು ಅಂಕಿ ನೋಡಿದರೆ ಸಾಕು, ಅವನ ಜಾಗ ಯಾವುದು ಅಂತ ತಿಳಿಯುತ್ತದೆ.

ಪ್ರಶ್ನೆ: ನಮ್ಮ ಆಫೀಸಿನ ಟ್ರೈನಿಂಗ್‌ನಲ್ಲಿ ಒಂದು ಕಥೆ ಹೇಳಿದರು. ಯಾರೋ ಆಟಗಾರ ತಲೆನೋವು ಅಂತ ಒಂದು ದಿನ ರಜೆ ಕೇಳಿದನಂತೆ. ಅವನ ಜಾಗಕ್ಕೆ ಬಂದ ಗೆರಿಗ್ ಮತ್ತೆ ಬಿಟ್ಟುಕೊಡಲೇ ಇಲ್ಲವಂತೆ. ನಿಜವೇ? (ಬೆಂಗಳೂರಿನ ಓದುಗರು)

ಉತ್ತರ: ರಜೆ ಅರ್ಜಿ ಹಾಕುವವರನ್ನು ಹೆದರಿಸಲು ಒಳ್ಳೆಯ ಕಥೆ! ಅರ್ಧ ಮಾತ್ರ ನಿಜ.

ಆ ಆಟಗಾರ ವಾಲಿ ಪಿಪ್. ಸುಮ್ನೆ ಬಂದು ಹೋದವನಲ್ಲ. 1916 ಮತ್ತು 1917ರಲ್ಲಿ, ಎರಡು ದೊಡ್ಡ ಲೀಗ್‌ಗಳಲ್ಲಿ ಒಂದಾದ ಅಮೆರಿಕನ್ ಲೀಗ್‌ನಲ್ಲಿ ಅತಿ ಹೆಚ್ಚು ಹೋಮ್ ರನ್ ಹೊಡೆದವನು. ಆದರೆ 1925ರಲ್ಲಿ ಯಾಂಕೀಸ್ ತಂಡವೇ ನೆಲಕಚ್ಚಿತ್ತು. ಪಿಪ್‌ಗೂ ರನ್ ಬರುತ್ತಿರಲಿಲ್ಲ. ಜೂನ್ 2ರಂದು ಮ್ಯಾನೇಜರ್ ಮಿಲರ್ ಹಗಿನ್ಸ್ ಒಂದೇ ಏಟಿಗೆ ಹಲವು ಹಳಬರನ್ನು ಕೂರಿಸಿದರು. ಪಿಪ್ ಅವರಲ್ಲಿ ಒಬ್ಬ. ಫಾರ್ಮ್ ಇಲ್ಲದವನನ್ನು ತೆಗೆದು 21 ವರ್ಷದ ಹುಡುಗನನ್ನು ಹಾಕಿದರು, ಅಷ್ಟೆ.

ಹಾಗಾದರೆ ತಲೆನೋವು ಎಲ್ಲಿಂದ ಬಂತು? ಒಂದು ತಿಂಗಳ ನಂತರ, ಜುಲೈ 2ರಂದು, ಪ್ರಾಕ್ಟೀಸ್ ವೇಳೆ ಚೆಂಡು ಪಿಪ್ ತಲೆಗೆ ಬಡಿಯಿತು. ಆಸ್ಪತ್ರೆ ಸೇರಬೇಕಾಯಿತು. ಆ ಹೊತ್ತಿಗೆ ಅವನ ಜಾಗ ಆಗಲೇ ಹೋಗಿತ್ತು. ಜನ ಎರಡನ್ನೂ ಸೇರಿಸಿ ಒಂದು ಕಥೆ ಮಾಡಿದರು ಅಂತ ನನ್ನ ಅಂದಾಜು. ಪಿಪ್ ಮುಂದಿನ ವರ್ಷ ಸಿನ್ಸಿನಾಟಿಗೆ ಹೋಗಿ ಇನ್ನೂ ಮೂರು ಸೀಸನ್ ಆಡಿದ.

ಇನ್ನೊಂದು ಸ್ವಾರಸ್ಯ ಇದೆ, ಅದನ್ನು ಟ್ರೈನಿಂಗ್‌ನಲ್ಲಿ ಹೇಳಿರಲಿಕ್ಕಿಲ್ಲ. ಗೆರಿಗ್ ಒಂದೂ ಬಿಡದೆ ಆಡಿದ 2,130 ಆಟಗಳ ಎಣಿಕೆ ಶುರುವಾಗುವುದು ಪಿಪ್ ಕೂತ ದಿನದಿಂದಲ್ಲ, ಅದರ ಹಿಂದಿನ ದಿನದಿಂದ. ಜೂನ್ 1ರಂದು ಗೆರಿಗ್ ಪೀ ವೀ ವಾನಿಂಜರ್ ಎಂಬ ಶಾರ್ಟ್‌ಸ್ಟಾಪ್ (ಸೆಕೆಂಡ್ ಮತ್ತು ಥರ್ಡ್ ಬೇಸ್ ನಡುವೆ ನಿಲ್ಲುವ ಫೀಲ್ಡರ್) ಬದಲು ಒಂದೇ ಒಂದು ಸಲ ಬ್ಯಾಟ್ ಬೀಸಿದ್ದ. ಈ ವಾನಿಂಜರ್ ಯಾರು? ಕೆಲವೇ ವಾರ ಹಿಂದೆ ಎವರೆಟ್ ಸ್ಕಾಟ್‌ನ ಜಾಗಕ್ಕೆ ಬಂದವನು. ಸ್ಕಾಟ್ ಆಗ ಸತತ 1,307 ಆಟ ಆಡಿ ದಾಖಲೆ ಮಾಡಿದ್ದವನು. ಒಂದು ದಾಖಲೆಯನ್ನು ಕೊನೆ ಮಾಡಿದವನ ಬದಲಿಗೆ ಬಂದೇ ಅದನ್ನು ಮುರಿಯುವವನು ಶುರು ಮಾಡಿದ!

ಪ್ರಶ್ನೆ: ಸತತ 2,130 ಆಟ ಅಂದರೆ ನಂಬಲು ಕಷ್ಟ. ಗಾಯ, ಜ್ವರ ಏನೂ ಬರಲಿಲ್ಲವೇ? ಕೊನೆಗೆ ನಿಂತಿದ್ದು ಹೇಗೆ? (ಧಾರವಾಡದ ಓದುಗರು)

ಉತ್ತರ: ಎಲ್ಲವೂ ಬಂತು. ಬೆರಳು ಮುರಿದುಕೊಂಡು ಆಡಿದ, ತಲೆಗೆ ಚೆಂಡು ಬಡಿದು ಪ್ರಜ್ಞೆ ತಪ್ಪಿ ಮರುದಿನವೇ ಆಡಿದ. ಇವತ್ತಿನ ಯಾವ ಡಾಕ್ಟರೂ ಅದಕ್ಕೆ ಒಪ್ಪಲಾರರು, ಒಪ್ಪಲೂಬಾರದು.

ಸ್ವಲ್ಪ ಚೌಕಾಸಿಯೂ ನಡೆದಿದೆ, ಮುಚ್ಚಿಡುವುದು ಬೇಡ. 1934ರ ಜುಲೈನಲ್ಲಿ ಬೆನ್ನು ಹಿಡಿದುಕೊಂಡು ನೆಟ್ಟಗೆ ನಿಲ್ಲಲೂ ಆಗುತ್ತಿರಲಿಲ್ಲ. ಆಗ ತಂಡದ ಪಟ್ಟಿಯಲ್ಲಿ ಅವನನ್ನು ಶಾರ್ಟ್‌ಸ್ಟಾಪ್ ಎಂದು ಬರೆದು, ಮೊದಲನೆಯವನಾಗಿ ಬ್ಯಾಟಿಂಗ್‌ಗೆ ಕಳಿಸಿದರು. ಒಂದು ಹಿಟ್ ಹೊಡೆದ, ಫಸ್ಟ್ ಬೇಸ್ ತಲುಪಿದ, ಬದಲಿ ಓಟಗಾರನನ್ನು ಬಿಟ್ಟು ಮೈದಾನದಿಂದ ಹೊರನಡೆದ. ಲೆಕ್ಕಕ್ಕೆ ಒಂದು ಆಟ ಸೇರಿತು. ಅದೇ ವರ್ಷ ಸರಾಸರಿ, ಹೋಮ್ ರನ್, ರನ್ ತಂದುಕೊಡುವುದು, ಮೂರರಲ್ಲೂ ಲೀಗ್‌ಗೆ ಮೊದಲಿಗ ಅವನೇ. ಈ ಸಾಧನೆಗೆ ಟ್ರಿಪಲ್ ಕ್ರೌನ್ ಅನ್ನುತ್ತಾರೆ.

ಕ್ರಿಕೆಟ್ ಜೊತೆ ಹೋಲಿಸಲು ಮನಸ್ಸಾಗುತ್ತದೆ. ನಮ್ಮ ದ್ರಾವಿಡ್ ಮೊದಲ ಟೆಸ್ಟ್‌ನಿಂದ ಸತತ 90ಕ್ಕೂ ಹೆಚ್ಚು ಟೆಸ್ಟ್ ಆಡಿದರು. ಇಂಗ್ಲೆಂಡಿನ ಅಲೆಸ್ಟರ್ ಕುಕ್ ಸತತ 159. ಆದರೆ ಸರಣಿಗಳ ನಡುವೆ ಉಸಿರು ಬಿಡಲು ಸಮಯ ಇರುತ್ತದೆ. ಬೇಸ್‌ಬಾಲ್‌ನಲ್ಲಿ ಆಗ ಒಂದು ಸೀಸನ್‌ಗೆ 154 ಆಟ, ಹೆಚ್ಚುಕಡಿಮೆ ದಿನಾ ಒಂದು. ರಾತ್ರಿ ರೈಲು, ಮಧ್ಯಾಹ್ನ ಆಟ.

ಇನ್ನು ಕೊನೆ. 1938ರಲ್ಲಿ ಅವನ ಸರಾಸರಿ .295ಕ್ಕೆ ಇಳಿಯಿತು. ಬೇರೆಯವರಿಗೆ ಅದು ಒಳ್ಳೆಯ ವರ್ಷ. ಅವನಿಗೆ ಮಾತ್ರ ಏನೋ ಎಡವಟ್ಟಾಗಿದೆ ಅನ್ನಿಸತೊಡಗಿತ್ತು. 1939ರ ಸೀಸನ್ ಶುರುವಾದಾಗ ಹೊಡೆದ ಚೆಂಡು ದೂರ ಹೋಗುತ್ತಿರಲಿಲ್ಲ. ಎಂಟು ಆಟ, 28 ಸರದಿ, ನಾಲ್ಕೇ ಹಿಟ್.

ಅವನಿಗೆ ತಿಳಿದದ್ದು ಬ್ಯಾಟಿಂಗ್‌ನಿಂದಲ್ಲ, ಫಸ್ಟ್ ಬೇಸ್‌ನಲ್ಲಿ ಅನ್ನುತ್ತಾರೆ. ಏಪ್ರಿಲ್ ಕೊನೆಯ ದಿನ ಒಂದು ಸಾಮಾನ್ಯ ಚೆಂಡು ಅವನತ್ತ ಬಂತು. ಅದನ್ನು ಹಿಡಿದು, ಬೇಸ್ ಕಡೆ ಓಡಿ ಬಂದ ಪಿಚರ್ ಜಾನಿ ಮರ್ಫಿಗೆ ಕೊಟ್ಟ. ಔಟ್. ಶಾಲೆ ಹುಡುಗರೂ ಮಾಡುವ ಕೆಲಸ ಅದು. ಜೊತೆಗಾರರು ಬಂದು 'ಭೇಷ್, ಚೆನ್ನಾಗಿ ಹಿಡಿದೆ' ಎಂದು ಬೆನ್ನು ತಟ್ಟಿದರಂತೆ. ಇಷ್ಟಕ್ಕೂ ಹೊಗಳುವ ಸ್ಥಿತಿಗೆ ಬಂದಿದ್ದೇನೆ ಅಂದರೆ ಮುಗಿಯಿತು ಎಂದು ಅವನಿಗೆ ಅನ್ನಿಸಿತು. ಬೈದಿದ್ದರೆ ಇನ್ನೂ ನಾಲ್ಕು ದಿನ ಆಡುತ್ತಿದ್ದನೋ ಏನೋ.

ಮೇ 2, ಡೆಟ್ರಾಯಿಟ್. ತನ್ನನ್ನು ಬಿಟ್ಟು ಆಡಿ ಎಂದು ಮ್ಯಾನೇಜರ್ ಜೋ ಮೆಕಾರ್ಥಿಗೆ ತಾನೇ ಹೇಳಿದ. ನಾಯಕನಾಗಿದ್ದರಿಂದ ತನ್ನ ಹೆಸರಿಲ್ಲದ ಪಟ್ಟಿಯನ್ನು ಅಂಪೈರ್‌ಗೆ ತಾನೇ ಕೊಟ್ಟು ಬಂದ. ಅವನ ಜಾಗದಲ್ಲಿ ಬೇಬ್ ಡಾಲ್‌ಗ್ರೆನ್ ಆಡಿದ, ಯಾಂಕೀಸ್ 22-2ರಿಂದ ಗೆದ್ದಿತು. ಅವತ್ತು ನೋಡುವವರ ಸಾಲಿನಲ್ಲಿ ಕೂತಿದ್ದವರಲ್ಲಿ ವಾಲಿ ಪಿಪ್ ಕೂಡ ಒಬ್ಬ. ಅವನ ಮನೆ ಅದೇ ಮಿಷಿಗನ್ ರಾಜ್ಯದಲ್ಲಿತ್ತು.

ಜೂನ್ 19ಕ್ಕೆ, 36ನೇ ಹುಟ್ಟುಹಬ್ಬದ ದಿನ, ಮೇಯೋ ಕ್ಲಿನಿಕ್‌ನಲ್ಲಿ ಕಾಯಿಲೆ ಖಚಿತವಾಯಿತು. ಸ್ನಾಯುಗಳನ್ನು ಆಡಿಸುವ ನರಕೋಶಗಳು ಒಂದೊಂದೇ ಸಾಯುವ ರೋಗ. ಜುಲೈ 4ರಂದು ಯಾಂಕೀ ಸ್ಟೇಡಿಯಂನಲ್ಲಿ 60 ಸಾವಿರಕ್ಕೂ ಹೆಚ್ಚು ಜನರ ಮುಂದೆ ಅವನಿಗೆ ಸನ್ಮಾನ. ಕೊಟ್ಟ ಟ್ರೋಫಿಗಳನ್ನು ಕೈಯಲ್ಲಿ ಹಿಡಿದು ನಿಲ್ಲುವ ಬಲ ಇರಲಿಲ್ಲ, ನೆಲದ ಮೇಲೆ ಇಟ್ಟ. ಭೂಮಿಯ ಮೇಲೆ ನನ್ನಂಥ ಅದೃಷ್ಟವಂತ ಇನ್ನೊಬ್ಬನಿಲ್ಲ ಎಂದು ಅವನು ಹೇಳಿದ್ದು ಅವತ್ತೇ. ಅವನ 4ನೇ ನಂಬರನ್ನು ತಂಡ ಇನ್ನು ಯಾರಿಗೂ ಕೊಡುವುದಿಲ್ಲ ಎಂದಿತು. ಈ ದೊಡ್ಡ ಲೀಗ್‌ಗಳಲ್ಲಿ ಹಾಗೆ ಎತ್ತಿಟ್ಟ ಮೊದಲ ನಂಬರ್ ಅದು.

ಆಮೇಲೆ ಮನೆಯಲ್ಲಿ ಸುಮ್ಮನೆ ಕೂರಲಿಲ್ಲ. ನ್ಯೂಯಾರ್ಕ್ ನಗರದ ಪೆರೋಲ್ ಮಂಡಳಿಯಲ್ಲಿ, ಅಂದರೆ ಕೈದಿಗಳ ಬಿಡುಗಡೆ ಅರ್ಜಿ ನೋಡುವ ಕೆಲಸದಲ್ಲಿ, ಕೈಲಾದಷ್ಟು ದಿನ ದುಡಿದ. ತೀರಿಕೊಂಡದ್ದು 1941ರ ಜೂನ್ 2. ಪಿಪ್‌ನ ಜಾಗಕ್ಕೆ ಬಂದು ಅವತ್ತಿಗೆ ಸರಿಯಾಗಿ 16 ವರ್ಷ.

2,130ರ ದಾಖಲೆಯನ್ನು 1995ರ ಸೆಪ್ಟೆಂಬರ್‌ನಲ್ಲಿ ಬಾಲ್ಟಿಮೋರ್‌ನ ಕಾಲ್ ರಿಪ್ಕನ್ ದಾಟಿದರು, 2,632ಕ್ಕೆ ನಿಲ್ಲಿಸಿದರು. ಅವರು ಶಾರ್ಟ್‌ಸ್ಟಾಪ್. ಫಸ್ಟ್ ಬೇಸ್‌ಮನ್‌ಗಳಲ್ಲಿ ಗೆರಿಗ್‌ನನ್ನು ಇನ್ನೂ ಯಾರೂ ಮುಟ್ಟಿಲ್ಲ.

ಪ್ರಶ್ನೆ: ಇಡೀ ವೃತ್ತಿ ಒಂದೇ ತಂಡದಲ್ಲಿ ಕಳೆದದ್ದು ನಿಷ್ಠೆಯೇ? ಈಗಿನವರು ದುಡ್ಡಿಗೆ ತಂಡ ಬದಲಿಸುತ್ತಾರಲ್ಲ! (ಮಂಗಳೂರಿನ ಓದುಗರು)

ಉತ್ತರ: ನಿಷ್ಠೆ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಬಾಗಿಲಿಗೆ ಬೀಗವೂ ಇತ್ತು. ಆಗಿನ ಕರಾರಿನಲ್ಲಿ 'ರಿಸರ್ವ್' ಎಂಬ ಒಂದು ಷರತ್ತು. ತಂಡ ಬಿಡುವವರೆಗೆ ಆಟಗಾರ ಅಲ್ಲೇ ಇರಬೇಕು. ಸಂಬಳ ಕಡಿಮೆ ಅನ್ನಿಸಿದರೆ ಆಡದೆ ಮನೆಯಲ್ಲಿ ಕೂರಬಹುದು, ಬೇರೆ ತಂಡಕ್ಕೆ ಹೋಗುವ ಹಾಗಿಲ್ಲ. ಅದು ಸಡಿಲವಾದದ್ದು 1970ರ ದಶಕದಲ್ಲಿ. ಗೆರಿಗ್‌ಗೆ ಸಿಕ್ಕ ಅತಿ ದೊಡ್ಡ ಸಂಬಳ ವರ್ಷಕ್ಕೆ 39 ಸಾವಿರ ಡಾಲರ್. ಅದಕ್ಕೆ ಎಂಟು ವರ್ಷ ಮೊದಲೇ ರೂತ್ 80 ಸಾವಿರ ಪಡೆದಿದ್ದರು. ಈಗ ಟೊರಾಂಟೊದ ಫಸ್ಟ್ ಬೇಸ್‌ಮನ್ ವ್ಲಾಡಿಮಿರ್ ಗೆರೆರೊ ಜೂನಿಯರ್ 2025ರಲ್ಲಿ ಮಾಡಿಕೊಂಡ ಕರಾರು 14 ವರ್ಷಕ್ಕೆ 50 ಕೋಟಿ ಡಾಲರ್. ಆತನೂ ಒಂದೇ ತಂಡದಲ್ಲಿ ಉಳಿಯುವ ಹಾಗೇ ಕಾಣುತ್ತದೆ. ವ್ಯತ್ಯಾಸ ಏನೆಂದರೆ, ಬೇಕಿದ್ದರೆ ಹೋಗಬಹುದಿತ್ತು.

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಒಂಬತ್ತು ವರ್ಷದ ಮಗ ಎಡಗೈಯವನು. ಶಾರ್ಟ್‌ಸ್ಟಾಪ್ ಆಡಬೇಕು ಅಂತ ಆಸೆ. ಕೋಚ್ ಯಾವಾಗಲೂ ಫಸ್ಟ್ ಬೇಸ್‌ಗೇ ಹಾಕುತ್ತಾರೆ. ಅನ್ಯಾಯ ಅಲ್ವಾ? ಬೇರೆ ಗ್ಲೌಸ್ ಕೊಡಿಸಬೇಕೆ?

ಉತ್ತರ: ಅನ್ಯಾಯ ಅಲ್ಲ, ರೇಖಾಗಣಿತ. ಶಾರ್ಟ್‌ಸ್ಟಾಪ್‌ನಿಂದ ಫಸ್ಟ್ ಬೇಸ್‌ಗೆ ಎಸೆಯಲು ಎಡಗೈಯವರು ಇಡೀ ಮೈ ತಿರುಗಿಸಬೇಕು. ಅಷ್ಟರಲ್ಲಿ ಓಟಗಾರ ತಲುಪಿರುತ್ತಾನೆ. ಫಸ್ಟ್ ಬೇಸ್‌ನಲ್ಲಿ ಉಲ್ಟಾ. ಗ್ಲೌಸ್ ಬಲಗೈಯಲ್ಲಿರುವುದರಿಂದ ಅದು ಮೈದಾನದ ಕಡೆಗೇ ಇರುತ್ತದೆ. ಸೆಕೆಂಡ್ ಬೇಸ್‌ಗೆ ಎಸೆಯಲು ತಿರುಗುವ ಗೋಜೂ ಇಲ್ಲ. ಗೆರಿಗ್ ಕೂಡ ಎಡಗೈಯವನೇ. ಆದರೂ ಒಂಬತ್ತು ವರ್ಷಕ್ಕೇ ಒಂದು ಜಾಗಕ್ಕೆ ಕಟ್ಟಿಹಾಕುವುದು ನನಗೆ ಇಷ್ಟವಿಲ್ಲ. ಪಿಚಿಂಗ್, ಔಟ್‌ಫೀಲ್ಡ್ ಎರಡಕ್ಕೂ ಎಡಗೈ ಅಡ್ಡಿಯಲ್ಲ. ಆಗಾಗ ಅಲ್ಲೂ ಆಡಿಸಿ ಎಂದು ಕೋಚ್ ಹತ್ತಿರ ನಗುತ್ತಲೇ ಕೇಳಿ.

ಫಸ್ಟ್ ಬೇಸ್‌ಮನ್‌ಗೆಂದೇ ಬರುವ ಗ್ಲೌಸ್‌ಗೆ ಮಿಟ್ ಅನ್ನುತ್ತಾರೆ. ಬೆರಳುಗಳು ಬೇರೆ ಬೇರೆ ಇರುವುದಿಲ್ಲ, ಮೊರದ ಹಾಗೆ ಅಗಲ. ಅದನ್ನು ಹಾಕಿಕೊಂಡು ಬೇರೆ ಜಾಗದಲ್ಲಿ ಆಡುವ ಹಾಗಿಲ್ಲ, ಆದ್ದರಿಂದ ಈಗಲೇ ಬೇಡ. ಇರುವ ಗ್ಲೌಸೇ ಸಾಕು. ಮುಂದೆ ಕೊಳ್ಳುವಾಗ ಒಂದು ಎಚ್ಚರ: ಅಂಗಡಿಯ ಚೀಟಿಯಲ್ಲಿ ಬರೆದಿರುವುದು ಎಸೆಯುವ ಕೈ, ಗ್ಲೌಸ್ ಹಾಕುವ ಕೈ ಅಲ್ಲ. ನಿಮ್ಮ ಹುಡುಗನಿಗೆ ಬೇಕಾದ್ದು 'ಲೆಫ್ಟ್ ಹ್ಯಾಂಡ್ ಥ್ರೋ'. ಇಲ್ಲಿ ಯಾಮಾರಿ ವಾಪಸ್ ಕೊಡಲು ಹೋದವರಲ್ಲಿ ನಾನೂ ಒಬ್ಬ.