ಸಂಪಾದಕರ ಉತ್ತರ: ತಪ್ಪಾಯಿತು ಸರಿ, ಬಾಯಿ ಯಾಕೆ ಕಟ್ಟಿತು?

ದಾವಣಗೆರೆಯ ವಿದ್ಯಾನಗರದಿಂದ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಕಂಪ್ಯೂಟರ್ ಸೈನ್ಸ್ ಮುಗಿಸಿದ ಹೆಣ್ಣುಮಗಳು. ಬೆಂಗಳೂರಿನ ಕಂಪನಿಯೊಂದರ ಇಂಟರ್ವ್ಯೂನ ಟೆಕ್ನಿಕಲ್ ರೌಂಡ್‌ನಲ್ಲಿ ಬೈನರಿ ಸರ್ಚ್ ಬರೆಯಲು ಹೇಳಿದರಂತೆ. ಅಂದರೆ, ಕ್ರಮವಾಗಿ ಜೋಡಿಸಿದ ಪಟ್ಟಿಯ ನಡುವೆ ನೋಡಿ, ಬೇಡದ ಅರ್ಧವನ್ನು ಬಿಡುತ್ತಾ ಬೇಕಾದದ್ದನ್ನು ಹುಡುಕುವ ಪ್ರೋಗ್ರಾಂ. ಬರೆದರು. 'ಎರಡೇ ಎಲಿಮೆಂಟ್ ಇಟ್ಟುಕೊಂಡು ಓಡಿಸಿ ನೋಡಿ' ಎಂದರಂತೆ. ಲೂಪ್, ಅಂದರೆ ಮತ್ತೆ ಮತ್ತೆ ಓಡುವ ಭಾಗ, ಮುಗಿಯಲೇ ಇಲ್ಲ. ಕೈ ಬೆವರಿತು, ಬಾಯಿ ಕಟ್ಟಿತು. ಬೋರ್ಡ್ ನೋಡುತ್ತಾ ನಿಂತೇ ಇದ್ದರು. ಕೊನೆಗೆ ಅದೇ ಮಾತು, 'ಎಚ್‌ಆರ್ ತಿಳಿಸ್ತಾರೆ.' ಅವರ ಪ್ರಶ್ನೆ ಇಷ್ಟು: 'ಪ್ರಾಕ್ಟೀಸ್ ಸಾಲದು, ಹೆದರಿಕೆ ಅನ್ನೋದು ಬರೀ ನೆಪ ಅಂತಾನೆ ನಮ್ಮಣ್ಣ. ನಿಜವೇ ಸಾರ್? ನನಗೆ ಈ ಕೆಲಸ ಆಗಿಬರೋದಿಲ್ವಾ?'

ಮೊದಲು ಅಣ್ಣನ ಮಾತು ಮುಗಿಸಿಬಿಡೋಣ. ಅದರಲ್ಲಿ ಸ್ವಲ್ಪ ಹುರುಳಿದೆ. 1969ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಝಯೊನ್ಸ್ ಮತ್ತು ಜೊತೆಗಾರರು ಜಿರಳೆಗಳನ್ನು ಓಡಿಸಿ ನೋಡಿದರು. ಓಡುವ ದಾರಿಯ ಪಕ್ಕದಲ್ಲಿ ಬೇರೆ ಜಿರಳೆಗಳನ್ನು ಕೂರಿಸಿದರು. ಹೌದು, ಜಿರಳೆಗಳಿಗೂ ಗ್ಯಾಲರಿ! ದಾರಿ ನೇರವಾಗಿದ್ದಾಗ, ನೋಡುವವರಿದ್ದರೆ ಇನ್ನೂ ಜೋರಾಗಿ ಓಡಿದವು. ತಿರುವು ಬಂದಾಗ ತಡವರಿಸಿದವು. ರೂಢಿಯಾದ ಕೆಲಸ ನಾಲ್ಕು ಜನರ ಮುಂದೆ ಸಲೀಸಾಗಿ ಬರುತ್ತೆ, ತಲೆ ಓಡಿಸಬೇಕಾದದ್ದು ಕೆಡುತ್ತೆ. ಆದ್ದರಿಂದ ಪ್ರಾಕ್ಟೀಸ್ ಬೇಕು. ಅದೂ ರೂಮಿನ ಬಾಗಿಲು ಹಾಕಿಕೊಂಡು ಮಾಡಿದರೆ ಆಗಲಿಲ್ಲ. ಅಣ್ಣನನ್ನೇ ಎದುರಿಗೆ ಕೂರಿಸಿಕೊಂಡು ಮಾಡಿ. ಅಣ್ಣನಿಗೆ ಇಷ್ಟು ಸಾಕು.

ಆದರೆ ಹೆದರಿಕೆ ನೆಪ ಅನ್ನೋ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯ ಮತ್ತು ಮೈಕ್ರೋಸಾಫ್ಟ್‌ನ ಸಂಶೋಧಕರು ಇದನ್ನೇ ಪರೀಕ್ಷೆ ಮಾಡಿದ್ದಾರೆ. ಫಲಿತಾಂಶ ಬಂದದ್ದು 2020ರಲ್ಲಿ. 48 ವಿದ್ಯಾರ್ಥಿಗಳು, ಎಲ್ಲರೂ ನಿಮ್ಮ ಹಾಗೆ ಕಂಪ್ಯೂಟರ್ ಸೈನ್ಸ್‌ನವರು. ಅರ್ಧ ಜನರು ಒಬ್ಬರ ಮುಂದೆ ಬೋರ್ಡ್‌ನಲ್ಲಿ ಬರೆಯುತ್ತಾ, ಯೋಚನೆಯನ್ನು ಬಾಯಿಬಿಟ್ಟು ಹೇಳಬೇಕು. ಉಳಿದವರು ಖಾಲಿ ರೂಮಿನಲ್ಲಿ ಒಬ್ಬರೇ ಬರೆಯಬೇಕು. ಎದುರಿಗೆ ಜನ ಕೂತಿದ್ದವರ ಸಾಧನೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಜನರ ಮುಂದೆ ನಿಂತ ಹೆಣ್ಣುಮಕ್ಕಳಲ್ಲಿ ಒಬ್ಬರೂ ಪಾಸಾಗಲಿಲ್ಲ, ಒಬ್ಬರೇ ಕೂತ ಹೆಣ್ಣುಮಕ್ಕಳೆಲ್ಲ ಪಾಸಾದರು. ಅವರ ಸಂಖ್ಯೆ ಚಿಕ್ಕದು, ಇದೊಂದರಿಂದಲೇ ದೊಡ್ಡ ತೀರ್ಮಾನಕ್ಕೆ ಬರಬಾರದು, ನಿಜ. ಆದರೂ ನೋಡಿ ತಂಗಿ, ಅಲ್ಲಿ ಅಳೆದದ್ದು ಪ್ರೋಗ್ರಾಮಿಂಗ್ ಬರುತ್ತಾ ಅಂತಲೋ, ಎದೆ ಗಟ್ಟಿ ಇದೆಯಾ ಅಂತಲೋ? ಕೆಲಸಕ್ಕೆ ಸೇರಿದ ಮೇಲೆ ಯಾವ ಮ್ಯಾನೇಜರೂ ಕೈಕಟ್ಟಿಕೊಂಡು ನಿಮ್ಮ ಬೆನ್ನ ಹಿಂದೆ ನಿಲ್ಲುವುದಿಲ್ಲ.

ಇನ್ನು ನಿಮ್ಮ ತಪ್ಪು. ವಾಪಸ್ ಬರುವಾಗ, ಬಸ್ಸು ಹಿರಿಯೂರು ದಾಟೋ ಹೊತ್ತಿಗೆ ಹೊಳೆಯಿತು ಅಂತ ನೀವೇ ಬರೆದಿದ್ದೀರಿ. ಹುಡುಕಲು ಎರಡೇ ಜಾಗ ಉಳಿದಿವೆ ಅನ್ನಿ. ಮೊದಲ ಜಾಗದ ಸಂಖ್ಯೆ, ಅಂದರೆ ಲೋ 3, ಕೊನೆಯದು, ಅಂದರೆ ಹೈ 4 ಇದ್ದಾಗ ನಡುವಿನ ಜಾಗ, ಅಂದರೆ ಮಿಡ್ ಎಷ್ಟು? ಎರಡೂ ಕೂಡಿದರೆ ಏಳು, ಅದರಲ್ಲಿ ಅರ್ಧ, ಕೆಳಗಿನ ಪೂರ್ಣಸಂಖ್ಯೆ, ಅಂದರೆ 3. ಹುಡುಕುವ ಅಂಕಿ ಆ ಜಾಗದಲ್ಲಿರುವುದಕ್ಕಿಂತ ದೊಡ್ಡದು, ಹಾಗಾಗಿ ಲೋ ಮುಂದಕ್ಕೆ ಹೋಗಬೇಕು. ನೀವು ಲೋ ಜಾಗಕ್ಕೆ ಮಿಡ್ ಅನ್ನೇ ಹಾಕಿದಿರಿ, ಒಂದು ಕೂಡಿಸಲಿಲ್ಲ. ಲೋ ಮತ್ತೆ 3. ಅಲ್ಲಿಗೆ ಲೂಪ್ ಸಾಯೋತನಕ ಸುತ್ತುತ್ತಲೇ ಇರುತ್ತೆ. ನನ್ನಂಥ ಕಂಪ್ಯೂಟರ್ ಹೆಡ್ಡನಿಗೂ ಅರ್ಥವಾಗುವ ಹಾಗೆ ಎರಡೇ ಸಾಲಲ್ಲಿ ಹೇಳಿದ್ದೀರಿ, ಶಭಾಷ್!

ಈ ಬೈನರಿ ಸರ್ಚ್ ಮುಂದೆ ಎಂಥೆಂಥವರು ಎಡವಿದ್ದಾರೆ ಗೊತ್ತಾ? ಇದು ಮೊದಲು ಅಚ್ಚಾದದ್ದು 1946ರಲ್ಲಿ, ಎಲ್ಲ ಅಳತೆಯ ಪಟ್ಟಿಗೂ ಸರಿಹೋಗುವ ರೂಪ ಅಚ್ಚಾದದ್ದು 1960ರಲ್ಲಿ ಎಂದು ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ ಬರೆದಿದ್ದಾರೆ. ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯ ಜೊತೆಗೇ ಬರುವ ಬೈನರಿ ಸರ್ಚ್‌ನಲ್ಲೂ ಒಂದು ತಪ್ಪು ಸುಮಾರು ಒಂಬತ್ತು ವರ್ಷ ಅಡಗಿ ಕೂತಿತ್ತು. ಲೋ, ಹೈ ಎರಡನ್ನೂ ಕೂಡಿದಾಗ ಮೊತ್ತ 2147483647 ದಾಟಿದರೆ (ಅಲ್ಲಿ ಮಾಮೂಲಿ ಪೂರ್ಣಸಂಖ್ಯೆಗೆ ಅದೇ ಮಿತಿ) ಅದು ಮೈನಸ್ ಆಗಿಬಿಡುತ್ತಿತ್ತು. ಯಾರದೋ ಪ್ರೋಗ್ರಾಂ ಕೆಟ್ಟು ಕೂತಾಗ ಗೊತ್ತಾಯಿತು. ಅದನ್ನು ಬರೆದಿದ್ದ ಜೋಶುವಾ ಬ್ಲಾಕ್ ಆಗ ಗೂಗಲ್‌ನಲ್ಲಿದ್ದರು. 2006ರಲ್ಲಿ ತಾವೇ ಮುಂದೆ ಬಂದು, 'ನಾನು ಬರೆದದ್ದರಲ್ಲೂ ಈ ತಪ್ಪಿತ್ತು, ನಿಮ್ಮದನ್ನೂ ನೋಡಿಕೊಳ್ಳಿ' ಎಂಬರ್ಥದಲ್ಲಿ ಎಲ್ಲರಿಗೂ ತಿಳಿಸಿದರು. ಅವರ ಮಾನವೇನೂ ಹೋಗಲಿಲ್ಲ.

ಹಾಗಾಗಿ ತಪ್ಪಿಗೆ ನಾನು ಬೈಯುವುದಿಲ್ಲ. ಅಷ್ಟು ಹೊತ್ತು ಸುಮ್ನೆ ನಿಂತಿರಲ್ಲ, ಅದಕ್ಕೆ ಬೈತೀನಿ. 'ಸಾರ್, ಇಲ್ಲಿ ಲೋ ಮುಂದಕ್ಕೆ ಹೋಗ್ತಿಲ್ಲ, ಯಾಕೆ ಅಂತ ನೋಡ್ತೀನಿ, ಎರಡು ನಿಮಿಷ ಕೊಡಿ' ಅನ್ನಬಹುದಿತ್ತು. ಯೋಚಿಸುತ್ತಲೇ ಮಾತಾಡೋದು ಎಲ್ಲರಿಗೂ ಆಗುವುದಿಲ್ಲ. ಆಗದಿದ್ದರೆ ಟೈಮ್ ಕೇಳಿ, ಮೌನವಾಗಿ ಯೋಚಿಸಿ, ಆಮೇಲೆ ಹೇಳಿ. ಒಳ್ಳೆಯ ಇಂಟರ್ವ್ಯೂದಾರರು ಆಗ ಒಂದು ಸುಳಿವು ಕೊಡ್ತಾರೆ. ಸಿಕ್ಕಿಕೊಂಡಿರೋದು ಎಲ್ಲಿ ಅಂತ ಗೊತ್ತಾಗದೆ ಪಾಪ ಅವರು ತಾನೇ ಏನು ಸುಳಿವು ಕೊಟ್ಟಾರು?

ನಮ್ಮ ದಾವಣಗೆರೆ ಹತ್ತಿ ಮಿಲ್ಲುಗಳ ಊರಾಗಿದ್ದ ಕಾಲದಲ್ಲಿ ನನ್ನ ಸೋದರಮಾವ ಒಂದು ಮಿಲ್ಲಿನಲ್ಲಿ ಜಾಬರ್, ಅಂದರೆ ಕೆಲಸಗಾರರ ಮೇಸ್ತ್ರಿ, ಆಗಿದ್ದರು. ಹೊಸ ಕೆಲಸಗಾರ ಬಂದರೆ ಪ್ರಶ್ನೆ ಕೇಳುತ್ತಿರಲಿಲ್ಲ, ಮಗ್ಗದ ಮುಂದೆ ನಿಲ್ಲಿಸುತ್ತಿದ್ದರು. ಎಳೆ ಹರಿಯದ ಮಗ್ಗ ಎಲ್ಲಿದೆ? ಹರಿದಾಗ ಮಗ್ಗ ನಿಲ್ಲಿಸಿ ತುದಿ ಹುಡುಕಿ ಗಂಟು ಹಾಕಿದವನನ್ನು ಇಟ್ಟುಕೊಳ್ಳುತ್ತಿದ್ದರು. ಯಾರೂ ನೋಡಲಿಲ್ಲ ಅಂತ ಓಡಿಸಿದವನ ಬಟ್ಟೆಯಲ್ಲಿ ಉದ್ದಕ್ಕೂ ಗೆರೆ ಬೀಳುತ್ತಿತ್ತು. ಅವನು ಮನೆಗೆ.

ನೀವು ಸುಮ್ಮನಾದದ್ದಕ್ಕೆ ನಿಮ್ಮನ್ನಷ್ಟೇ ಅಂದರೆ ಅನ್ಯಾಯ. ಕಲಿಸಿದವರು ನಾವು. ತಪ್ಪು ಉತ್ತರ ಹೇಳಿದವರನ್ನು ಬೆಂಚಿನ ಮೇಲೆ ನಿಲ್ಲಿಸಿ, ಬಾಯಿ ಬಿಡದವರನ್ನು 'ಒಳ್ಳೆ ಹುಡುಗಿ' ಅಂದೆವು. ನಮ್ಮ ಇಂಜಿನಿಯರಿಂಗ್ ಲ್ಯಾಬ್ ಪರೀಕ್ಷೆಗಳನ್ನೇ ನೋಡಿ. ಚೀಟಿ ಎತ್ತಬೇಕು. ಬಂದ ಪ್ರೋಗ್ರಾಂ ಬಾಯಿಪಾಠ ಇದ್ದರೆ ಬಚಾವ್. ಇಲ್ಲದಿದ್ದರೆ ಚೀಟಿ ಬದಲಾಯಿಸಿ, ಅಂಕ ಬಿಟ್ಟುಕೊಡಿ. ತಪ್ಪಾದ ಪ್ರೋಗ್ರಾಂ ಅನ್ನು ಎಲ್ಲಿ ತಪ್ಪಿತು ಎಂದು ಹುಡುಕಿ ಸರಿಮಾಡಿದವರಿಗೆ ಅದರಲ್ಲಿ ಏನು ಕೊಡ್ತೀವಿ? ಈ ಊರಿಗೆ ಇಂಜಿನಿಯರಿಂಗ್ ಕಾಲೇಜು ಬಂದದ್ದು 1951ರಲ್ಲಿ. ಇಷ್ಟು ಕಾಲವಾದರೂ ತಪ್ಪು ಒಪ್ಪಿಕೊಂಡವರಿಗೆ ಒಂದು ಅಂಕ ಇಡಲು ನಮಗೆ ಆಗಿಲ್ಲ!

ಕಂಪನಿಗಳದ್ದು ಇನ್ನೊಂದು ಕಥೆ. ದಾವಣಗೆರೆ, ಚಿತ್ರದುರ್ಗದ ಮಕ್ಕಳು ರಾತ್ರಿ ಬಸ್ಸು ಹತ್ತಿ, ನಸುಕಿನಲ್ಲಿ ಮೆಜೆಸ್ಟಿಕ್‌ನಲ್ಲಿ ಇಳಿದು, ಮುಖ ತೊಳೆದು, ಬಟ್ಟೆ ಬದಲಿಸಿ ಹೋಗಬೇಕು. ಒಳಗೆ ಕೂತವರು ಮೊಬೈಲ್ ತಿಕ್ಕುತ್ತಾ 'ಹೂಂ, ಮುಂದೆ' ಅಂತಾರೆ. ಎದುರಿಗಿರುವವರೂ ಕನ್ನಡದವರೇ ಆಗಿದ್ದರೂ ಲೆಕ್ಕ ಕನ್ನಡದಲ್ಲಿ ಹಾಕಿ ಇಂಗ್ಲಿಷಿನಲ್ಲಿ ಉಸುರಬೇಕು. ನಿದ್ದೆಗೆಟ್ಟ ತಲೆಗೆ ಇಷ್ಟು ಹೊರೆ ಹೊರಿಸಿ ಆಮೇಲೆ 'ಕಾನ್ಫಿಡೆನ್ಸ್ ಇಲ್ಲ' ಎಂದು ಬರೆದುಕೊಳ್ಳುತ್ತಾರೆ. ಮೊದಲ ರೌಂಡನ್ನಾದರೂ ಇಲ್ಲಿಗೇ ಬಂದು ಮಾಡಿ ಸ್ವಾಮಿ, ಬೆಣ್ಣೆದೋಸೆ ನಾನು ಕೊಡಿಸ್ತೀನಿ.

ಎದೆ ಹೊಡೆದುಕೊಳ್ಳೋದರ ಬಗ್ಗೆಯೂ ಕೇಳಿದ್ದೀರಿ. 'ಶಾಂತವಾಗಿರು' ಅಂತ ಹೇಳಿಕೊಂಡರೆ ಅದು ನಿಲ್ಲಲ್ಲ. ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ತೋರಿಸಿದ್ದು ಬೇರೆ ದಾರಿ. ಹಾಡು, ಭಾಷಣ, ಲೆಕ್ಕ ಮೂರರಲ್ಲೂ 'ನನಗೆ ಹುಮ್ಮಸ್ಸು ಬಂದಿದೆ' ಅಂದುಕೊಂಡವರು ಜಾಸ್ತಿ ಚೆನ್ನಾಗಿ ಮಾಡಿದರಂತೆ. ಖರ್ಚಿಲ್ಲದ ಉಪಾಯ, ನೋಡಿ. ನೀವು ಹೇಳಿದ ಆ ಕಾನ್ಫಿಡೆನ್ಸ್ ಕೋರ್ಸಿಗೆ ಮಾತ್ರ ಅಪ್ಪನ ಹತ್ತಿರ ದುಡ್ಡು ಕೇಳಬೇಡಿ.

ಸರಿಮಾಡಿದ ಪ್ರೋಗ್ರಾಂ ಅನ್ನು ಆ ಕಂಪನಿಗೆ ಮೇಲ್ ಮಾಡಬಹುದಾ ಎಂದು ಕೊನೆಯಲ್ಲಿ ಸಂಕೋಚದಿಂದ ಕೇಳಿದ್ದೀರಿ. ಧಾರಾಳವಾಗಿ ಮಾಡಿ. ನನಗೆ ಬರೆದ ಆ ಎರಡು ಸಾಲನ್ನೇ ಹಾಕಿ, ಕ್ಷಮಾಪಣೆ ಎಲ್ಲ ಬೇಡ. ಕೆಲಸ ಸಿಗುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಉತ್ತರ ಬಂದರೆ ನನಗೂ ಒಂದು ಪ್ರತಿ ಕಳಿಸಿ.