ಅರ್ಥ್‌ಸೀ ಸರಣಿಯ ನಾಲ್ಕನೆಯ ಪುಸ್ತಕ ‘ತೆಹಾನು’ ಓದಬೇಕೇ, ಬಿಡಬೇಕೇ?

ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ ಅವರ, ಮಾಂತ್ರಿಕರೂ ಡ್ರ್ಯಾಗನ್‌ಗಳೂ ಇರುವ ದ್ವೀಪಲೋಕದ ಕಥೆಯಾದ ಅರ್ಥ್‌ಸೀ ಸರಣಿಯ ಮೊದಲ ಮೂರು ಪುಸ್ತಕಗಳನ್ನು ಹನ್ನೊಂದು ವರ್ಷದ ಮಗಳ ಜೊತೆಗೂಡಿ ಓದಿ ಮುಗಿಸಿದ್ದೀರಿ. ನಾಲ್ಕನೆಯದಾದ ‘ತೆಹಾನು’ವನ್ನು ಕೆಲವರು ಸರಣಿಯಲ್ಲೇ ಶ್ರೇಷ್ಠವೆಂದೂ, ಕೆಲವರು ಹಿಂದಿನದನ್ನೆಲ್ಲ ಕೆಡಿಸಿದ ಪುಸ್ತಕವೆಂದೂ ಹೇಳುವುದರಿಂದ ಮುಂದುವರಿಯಬೇಕೇ ಎಂದು ಕೇಳಿದ್ದೀರಿ. ನೀವು ಖಂಡಿತ ಓದಿ, ಮಗಳಿಗೆ ಸದ್ಯಕ್ಕೆ ಬೇಡ ಎಂಬುದು ನನ್ನ ಉತ್ತರ. ಕಾರಣ ವಿವರಿಸಲು ಕಥೆಯನ್ನು ಒಂದಿಷ್ಟು ಹೇಳಲೇಬೇಕಾಗುತ್ತದೆ. ಮೊದಲೇ ತಿಳಿಯುವುದು ಬೇಡವೆಂದಾದರೆ ದಯವಿಟ್ಟು ಇಲ್ಲಿಗೇ ನಿಲ್ಲಿಸಿ.

ಮೊದಲ ಮೂರು ಪುಸ್ತಕಗಳು 1968, 1971 ಮತ್ತು 1972ರಲ್ಲಿ ಬಂದವು. ‘ತೆಹಾನು’ ಬಂದದ್ದು 1990ರಲ್ಲಿ. ಹದಿನೆಂಟು ವರ್ಷಗಳ ಆ ಅಂತರದಲ್ಲಿ ಅವನ್ನು ಬಾಲ್ಯದಲ್ಲಿ ಓದಿದವರು ದೊಡ್ಡವರಾಗಿದ್ದರು, ಮೂರನೆಯದರ ಕೊನೆಯನ್ನೇ ಇಡೀ ಕಥೆಯ ಕೊನೆಯೆಂದು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. ಆ ಕೊನೆ ಎಷ್ಟು ಭವ್ಯವಾಗಿತ್ತೆಂಬುದು ನಿಮಗೆ ನೆನಪಿರಬಹುದು. ಸತ್ತವರ ನಾಡಿನ ಬಾಗಿಲನ್ನು ಮುಚ್ಚುವುದಕ್ಕಾಗಿ ತನ್ನ ಶಕ್ತಿಯನ್ನೆಲ್ಲ ತೆತ್ತ ಮಹಾಮಾಂತ್ರಿಕ ಗೆಡ್, ಮುದಿ ಡ್ರ್ಯಾಗನ್ ಕಲೆಸ್ಸಿನ್‌ನ ಬೆನ್ನೇರಿ ತನ್ನ ಹುಟ್ಟೂರಾದ ಗಾಂಟ್ ದ್ವೀಪದ ಕಡೆಗೆ ಹಾರಿಹೋಗುತ್ತಾನೆ. ಆಮೇಲೆ ಅವನೇನಾದನೆಂಬುದನ್ನು ಹಾಡುಗಳೂ ಜನರ ಮಾತುಗಳೂ ಬೇರೆ ಬೇರೆಯಾಗಿ ಹೇಳುತ್ತವೆ. ನಾಯಕನನ್ನು ದಂತಕಥೆಗೆ ಒಪ್ಪಿಸಿ ಲೇಖಕಿ ಅಲ್ಲಿಗೆ ಪುಸ್ತಕ ಮುಚ್ಚಿದ್ದರು.

‘ತೆಹಾನು’ವಿನಲ್ಲಿ ಅದೇ ಡ್ರ್ಯಾಗನ್ ಗಾಂಟ್‌ಗೆ ಬಂದಿಳಿಯುತ್ತದೆ. ಅದರ ಬೆನ್ನ ಮೇಲಿರುವವನು ಪ್ರಜ್ಞೆತಪ್ಪಿದ, ಅರೆಜೀವವಾದ ಒಬ್ಬ ನಡುವಯಸ್ಸಿನ ಮನುಷ್ಯ. ಚೇತರಿಸಿಕೊಂಡ ಮೇಲೂ ಅವನು ನಾಚಿಕೆಯಿಂದ ಕುಗ್ಗಿಹೋಗಿರುತ್ತಾನೆ. ಹೊಸ ಅರಸನ ದೂತರು ಅವನನ್ನು ಪಟ್ಟಾಭಿಷೇಕಕ್ಕೆ ಕರೆದೊಯ್ಯಲು ಬಂದಾಗ ಅವರ ಮುಖ ನೋಡಲಾರದೆ ಬೆಟ್ಟಕ್ಕೆ ಹೋಗಿ ಮೇಕೆ ಕಾಯುತ್ತಾನೆ. ಗೆಡ್‌ನನ್ನು ಹೀಗೆ ಕುಬ್ಜಗೊಳಿಸಬಾರದಿತ್ತು ಎಂಬುದೇ ಬೇಸತ್ತ ಓದುಗರ ದೊಡ್ಡ ಆಕ್ಷೇಪ. ನಾನು ಇದನ್ನು ಒಪ್ಪುವುದಿಲ್ಲ. ಅವನ ಶಕ್ತಿಯನ್ನು ಕಿತ್ತುಕೊಂಡದ್ದು ಮೂರನೆಯ ಪುಸ್ತಕವೇ ಹೊರತು ನಾಲ್ಕನೆಯದಲ್ಲ. ಅಲ್ಲಿ ಆ ನಷ್ಟವನ್ನು ನಾವು ಅವನನ್ನು ಆರಾಧಿಸುತ್ತಿದ್ದ ತರುಣ ರಾಜಕುಮಾರ ಅರೆನ್‌ನ ಕಣ್ಣಿನಿಂದ ಕಂಡೆವು, ಆದ್ದರಿಂದ ಅದು ತ್ಯಾಗವಾಗಿ ಕಂಡಿತು. ಇಲ್ಲಿ ಅವನಿಗೆ ಗಂಜಿ ಕುಡಿಸಿ ಬದುಕಿಸಿದ ಟೆನಾರ್‌ಳ ಕಣ್ಣಿನಿಂದ ಕಾಣುತ್ತೇವೆ, ಆದ್ದರಿಂದ ಅದು ಕಾಯಿಲೆಯಂತೆ, ದುಃಖದಂತೆ ಕಾಣುತ್ತದೆ. ನಡೆದ ಸಂಗತಿ ಒಂದೇ, ನೋಡುವ ಜಾಗ ಬದಲಾಗಿದೆ.

ಎರಡನೆಯ ಪುಸ್ತಕದಲ್ಲಿ ಗೋರಿಗಳ ಕತ್ತಲಿನಿಂದ ಹೊರಬಂದ ಆ ಹುಡುಗಿ ಟೆನಾರ್, ಈಗ ಗಾಂಟ್‌ನ ಒಬ್ಬ ರೈತನ ವಿಧವೆ, ಬೆಳೆದ ಮಕ್ಕಳ ತಾಯಿ. ಥೆರು ಎಂಬ ಮಗುವನ್ನು ಅವಳು ಸಾಕುತ್ತಿದ್ದಾಳೆ. ಆ ಮಗುವನ್ನು ಸ್ವಂತದವರೇ ಹಿಂಸಿಸಿ ಬೆಂಕಿಗೆ ತಳ್ಳಿದ್ದರು. ಮುಖದ ಒಂದು ಪಾರ್ಶ್ವ ಸುಟ್ಟುಹೋಗಿದೆ, ಒಂದು ಕೈ ಮುರುಟಿದೆ. ಪುಸ್ತಕದ ಬಹುಭಾಗದಲ್ಲಿ ನಡೆಯುವುದು ಅಡುಗೆ, ಮೇಕೆಗಳ ಆರೈಕೆ, ಮಗುವನ್ನು ಸಂತೈಸುವುದು, ಹಾದಿಯಲ್ಲಿ ಕಾಡುವ ಗಂಡಸರ ಭಯ, ಇಷ್ಟೇ. ಏನೂ ನಡೆಯುವುದೇ ಇಲ್ಲ ಎಂಬ ದೂರು ಇಲ್ಲಿಂದ ಹುಟ್ಟುತ್ತದೆ. ಕಾಲೇಜಿನ ದಿನಗಳಲ್ಲಿ ನಾನೂ ಅದೇ ದೂರಿನೊಂದಿಗೆ ಪುಸ್ತಕವನ್ನು ಅರ್ಧಕ್ಕೆ ಬಿಟ್ಟಿದ್ದೆ. ಸಮುದ್ರ, ನೌಕೆ, ಮಂತ್ರಗಳು ಎಲ್ಲಿ ಹೋದವೆಂದು ಹುಡುಕುತ್ತಿದ್ದೆ. ನಲವತ್ತು ದಾಟಿದ ಮೇಲೆ ಮತ್ತೆ ತೆರೆದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಚಿಕ್ಕ ಪ್ರಸಂಗ. ಕಡಲಿನಿಂದ ಮರಳಿದ ಮಗ ಸ್ಪಾರ್ಕ್, ಉಂಡ ಪಾತ್ರೆಗಳನ್ನು ತೊಳೆಯುವುದು ಹೆಂಗಸರ ಕೆಲಸವೆಂದು ತಾಯಿಗೆ ಹೇಳುತ್ತಾನೆ. ಒಂದು ಕಾಲಕ್ಕೆ ಮಹಾಮಾಂತ್ರಿಕನಾಗಿದ್ದವನು ಅದೇ ಮನೆಯಲ್ಲಿ ಆ ಕೆಲಸವನ್ನು ಮರುಮಾತಿಲ್ಲದೆ ಮಾಡುತ್ತಿದ್ದನಲ್ಲ! (ಹಿಂದೆ ಓದುವಾಗ ಈ ಪುಟದವರೆಗೆ ನಾನು ಬಂದೇ ಇರಲಿಲ್ಲ, ಬಂದಿದ್ದರೂ ಗಮನಿಸುತ್ತಿದ್ದೆನೆಂಬ ಭರವಸೆ ನನಗಿಲ್ಲ.)

ಇನ್ನು ಕೆಲವರು ಲೇಖಕಿ ತಮ್ಮ ಸ್ತ್ರೀವಾದವನ್ನು ಮಕ್ಕಳ ಕಥೆಯೊಳಗೆ ತುರುಕಿದ್ದಾರೆ ಎನ್ನುತ್ತಾರೆ. ಆದರೆ ಹೆಂಗಸರ ಮಾಟವೆಂದರೆ ದುರ್ಬಲ, ಹೆಂಗಸರ ಮಾಟವೆಂದರೆ ದುಷ್ಟ ಎಂಬ ಅರ್ಥದ ಗಾದೆಗಳು ಗಾಂಟ್‌ನಲ್ಲಿ ಇವೆಯೆಂದು ಹೇಳಿದ್ದು ಮೊದಲ ಪುಸ್ತಕವೇ. ರೋಕ್ ದ್ವೀಪದ ಮಾಂತ್ರಿಕರ ಶಾಲೆಗೆ ಗಂಡುಮಕ್ಕಳಿಗೆ ಮಾತ್ರ ಪ್ರವೇಶವಿದ್ದದ್ದೂ ಅಲ್ಲಿಂದಲೇ. ನಾವೆಲ್ಲ ಅದನ್ನು ಆ ಲೋಕದ ನಿಯಮವೆಂದುಕೊಂಡು ಮುಂದೆ ಸಾಗಿದ್ದೆವು. ವೀರಕಥೆಯ ಗಂಡಸರ ಪರಂಪರೆಯನ್ನು ತಾವೂ ಹಾಗೆಯೇ ಅನುಸರಿಸಿದ್ದೆವೆಂಬುದನ್ನು ಲೆ ಗ್ವಿನ್ 1992ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಮಾಡಿದ ಉಪನ್ಯಾಸದಲ್ಲಿ ಚರ್ಚಿಸಿದ್ದಾರೆ. ತಮ್ಮ ಲೋಕಕ್ಕೆ ತಾವೇ ಪ್ರಶ್ನೆ ಹಾಕುವ ಧೈರ್ಯ ಎಲ್ಲ ಸರಣಿಕಾರರಿಗೂ ಇರುವುದಿಲ್ಲ.

ಹಾಗೆಂದು ಟೀಕಾಕಾರರ ಮಾತನ್ನೆಲ್ಲ ನಾನು ತಳ್ಳಿಹಾಕಲಾರೆ. ಖಳನಾದ ಮಾಂತ್ರಿಕ ಆಸ್ಪೆನ್ ಹೆಂಗಸರನ್ನು ದ್ವೇಷಿಸುವುದಕ್ಕೆಂದೇ ಕೆತ್ತಿದ ಬೊಂಬೆಯಂತಿದ್ದಾನೆ; ಮೊದಲ ಪುಸ್ತಕದಲ್ಲಿ ಗೆಡ್‌ನನ್ನು ಬೆನ್ನಟ್ಟಿದ ನೆರಳಿಗಿದ್ದ ಭೀತಿಯ ಕಾಲುಭಾಗವೂ ಅವನಲ್ಲಿಲ್ಲ. ಅಂತ್ಯವಂತೂ ಅವಸರದ್ದು. ಅಷ್ಟು ನಿಧಾನವಾಗಿ, ಮನುಷ್ಯರ ಅಳತೆಯಲ್ಲೇ ನಡೆದು ಬಂದ ಕಥೆ ಕೊನೆಯ ಕೆಲವೇ ಪುಟಗಳಲ್ಲಿ ಮಗುವಿನ ಕರೆಗೆ ಓಗೊಟ್ಟು ಬರುವ ಡ್ರ್ಯಾಗನ್‌ನ ಬೆಂಕಿಯಿಂದ ಬಗೆಹರಿಯುತ್ತದೆ. ಥೆರುವಿನ ಗುಟ್ಟಿಗೆ ಮುಂಚಿನಿಂದಲೇ ಸುಳಿವುಗಳಿವೆ, ನಿಜ; ಆದರೂ ಶಕ್ತಿಯಿಲ್ಲದವರು ಹೇಗೆ ಬದುಕಬೇಕೆಂದು ಕೇಳುತ್ತಿದ್ದ ಪುಸ್ತಕ ಕಡೆಗೆ ಎಲ್ಲರಿಗಿಂತ ಬಲಶಾಲಿಯನ್ನು ಕರೆಸಿ ಉತ್ತರ ಹೇಳಿಸಿದ್ದು ನನಗೆ ಇಂದಿಗೂ ಒಗ್ಗಿಲ್ಲ. ವಿಜ್ಞಾನ ಕಥೆ ಮತ್ತು ಫ್ಯಾಂಟಸಿ ಕೃತಿಗಳಿಗೆ ಕೊಡುವ ನೆಬ್ಯುಲಾ ಪ್ರಶಸ್ತಿ ಇದಕ್ಕೆ ಬಂದಿದೆಯೆಂದು ಮೆಚ್ಚಿದವರು ನೆನಪಿಸುತ್ತಿರುತ್ತಾರೆ. ಪ್ರಶಸ್ತಿಯಿಂದ ಈ ತೊಡಕು ನೀಗುವುದಿಲ್ಲ.

ಮಗಳ ವಿಷಯಕ್ಕೆ ಬಂದರೆ, ಮೊದಲ ಮೂರರಲ್ಲಿದ್ದ ಸಾವು ಮತ್ತು ಕತ್ತಲನ್ನು ಹನ್ನೊಂದರ ಮಕ್ಕಳು ತಾಳಿಕೊಳ್ಳುತ್ತಾರೆ, ಏಕೆಂದರೆ ಅವು ದೂರದ ದ್ವೀಪಗಳವು. ಇಲ್ಲಿನ ಕ್ರೌರ್ಯ ಮನೆಯೊಳಗಿನದು, ಮಗುವಿನ ಮೇಲೆ ಹೆತ್ತವರದ್ದೇ ಕೈ ಇರುವಂಥದ್ದು. ರಾತ್ರಿ ಮನೆಗೆ ನುಗ್ಗಲು ಬರುವ ಗಂಡಸರ ಅಧ್ಯಾಯವನ್ನು ಗಟ್ಟಿಯಾಗಿ ಓದಿ ಹೇಳುವುದು ನನ್ನಿಂದಾಗದು. ಹದಿನೈದು ಹದಿನಾರರ ಹೊತ್ತಿಗೆ ಅವಳೇ ಎತ್ತಿಕೊಳ್ಳಲಿ. ಮೊದಲ ಮುದ್ರಣದಲ್ಲಿ ಇದನ್ನು ಅರ್ಥ್‌ಸೀಯ ಕೊನೆಯ ಪುಸ್ತಕವೆಂದು ಕರೆದಿದ್ದರು, ಆದರೆ 2001ರಲ್ಲಿ ಒಂದು ಕಥಾಸಂಕಲನವೂ ‘ದಿ ಅದರ್ ವಿಂಡ್’ ಎಂಬ ಕಾದಂಬರಿಯೂ ಬಂದವು. ‘ದಿ ಅದರ್ ವಿಂಡ್’ನಲ್ಲಿ ಥೆರುವಿನ ಕಥೆ ಮುಂದುವರಿಯುವುದರಿಂದ, ‘ತೆಹಾನು’ವನ್ನು ಬಿಟ್ಟು ನೇರವಾಗಿ ಅದಕ್ಕೆ ಹಾರಬೇಡಿ.